ಮ್ಯಾಪಿನಲ್ಲಿ ಹರಡಿದ ಕಾಫಿ

ಗೌಡರ ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ಎಳೆಯುವ ಕೆಲಸ ನನಗೆ ಬಂದಿತ್ತು. ಹಳ್ಳ ಎಲ್ಲಿದೆ, ಗುಡ್ಡ ಎಲ್ಲಿದೆ ಅಂತ ಮೊದಲು ಕಂಪ್ಯೂಟರಿನಲ್ಲೇ ನೋಡಿಬಿಡೋಣ ಎಂದು ಅವರನ್ನು ಮೂಡಿಗೆರೆಯ ಸೈಬರ್ ಕೆಫೆಗೆ ಕರೆದುಕೊಂಡು ಹೋದೆ. ಉಪಗ್ರಹದ ಮ್ಯಾಪ್ ತೆಗೆದರೆ ಬರೀ ಹಸಿರು. ದೊಡ್ಡದು ಮಾಡುತ್ತಾ ಹೋದಾಗ ಮರಗಳ ನಡುವೆ ಗೌಡರು ಕಾಫಿ ಒಣಗಿಸುವ ಕಣ ಸಿಕ್ಕಿತು. ಕಣದ ತುಂಬ ಕಾಫಿ ಹರಡಿತ್ತು.

"ಇವತ್ತು ಬೆಳಿಗ್ಗೆಯೇ ಒಳಗೆ ಹಾಕಿಸಿ ಅಂತ ತೋಟದ ಲೆಕ್ಕ ನೋಡೋ ರೈಟರಿಗೆ ಹೇಳಿ ಬಂದಿದ್ದೆ. ಇನ್ನೂ ಕಣದಲ್ಲೇ ಇದೆಯಲ್ಲ ಮಾರಾಯ್ರೆ" ಎಂದರು ಗೌಡರು.

ಅಷ್ಟರಲ್ಲಿ ಹೊರಗೆ ಗುಡುಗಿತು. ಇದು ಯಾವತ್ತೋ ತೆಗೆದ ಫೋಟೋ ಎಂದು ನಾನು ಹೇಳುವುದರೊಳಗೆ ಅವರು ಕೌಂಟರಿನ ಫೋನ್ ಹಿಡಿದು, "ಮಳೆ ಬಂತು, ಟಾರ್ಪಾಲು ಹೊದಿಸು" ಎಂದು ಹೆಂಡತಿಗೆ ಕೂಗುತ್ತಿದ್ದರು.

ಆ ಕಡೆಯ ಉತ್ತರ ನನಗೂ ಕೇಳಿಸಿತು. "ಕಾಫಿ ಆಗಲೇ ಗೋಡೌನಿಗೆ ಹೋಯ್ತು. ಕಣ ಖಾಲಿ ಇದೆ. ನೀವು ಎಲ್ಲಿ ಕೂತು ಏನು ನೋಡ್ತಿದ್ದೀರಿ?"

ಗೌಡರು ಮೆಲ್ಲಗೆ ಬಂದು ಕೂತರು. ಪರದೆಯನ್ನು ಇನ್ನೊಮ್ಮೆ ನೋಡಿದರು. "ಹಾಗಾದ್ರೆ ಈ ಮ್ಯಾಪಿನವರಿಗೂ ಒಂದು ಫೋನ್ ಮಾಡಿ ಹೇಳಿಬಿಡಿ, ನಮ್ಮ ಕಾಫಿ ಒಳಗೆ ಹೋಗಿದೆ ಅಂತ."

ಅವರ ನಂಬರ್ ನನಗೆಲ್ಲಿ ಸಿಗಬೇಕು. ಎರಡು ಮಳೆಗಾಲ ಕಳೆದ ಮೇಲೂ ಗೌಡರ ಕಾಫಿ ಮ್ಯಾಪಿನಲ್ಲಿ ಒಣಗುತ್ತಲೇ ಇತ್ತು.