ವಾರಂಟ್ ರದ್ದಾದ ಸುದ್ದಿ

“ಅಕ್ಕಾರ, ವಾರಂಟ್ ರದ್ದಾಗೇತ್ರಿ!” ಕೋರ್ಟಿನ ವೆಬ್‌ಸೈಟ್ ನೋಡುತ್ತಿದ್ದ ನಾನು ಖುಷಿಯಿಂದ ಕೂಗಿಯೇ ಬಿಟ್ಟೆ. ಸವದತ್ತಿಯ ನನ್ನ ಆನ್‌ಲೈನ್ ಅರ್ಜಿ ಅಂಗಡಿಗೆ ಉಗರಗೋಳದ ಆ ಹೆಣ್ಣುಮಗಳು ತಿಂಗಳಿಗೊಮ್ಮೆ ಬಂದು, ಗಂಡನ ಹೊಡೆದಾಟದ ಕೇಸಿನ ನಂಬರ್ ಬರೆದ ಚೀಟಿ ಕೊಡುತ್ತಿದ್ದರು. ನಾಲ್ಕು ವರ್ಷದಿಂದ ಆತ ಮನೆಗೆ ಬಾರದಿರುವುದು ವಾರಂಟಿನ ಹೆದರಿಕೆಗೇ ಎಂದು ನಂಬಿದ್ದರು.

“ಹೆಂಗ ರದ್ದಾತ್ರಿ?” ಎಂದು ಕೇಳಿದರು. ಹೋದ ತಿಂಗಳು ಆರೋಪಿ ಖುದ್ದು ಕೋರ್ಟಿಗೆ ಹಾಜರಾಗಿದ್ದಾನೆ ಎಂದು ಓದಿ ಹೇಳಿದೆ.

ಅವರು ರಸ್ತೆಯಾಚೆಯ ಕೋರ್ಟನ್ನೇ ನೋಡುತ್ತ ನಿಂತರು. “ಇಲ್ಲೀತನಕ ಬಂದಿದ್ರೇನ್ರಿ? ಇಲ್ಲಿಂದ ಮನಿಗೆ ಟಂಟಂ ಆಟೋದಾಗ ಹದಿನೈದ್ ನಿಮಿಷ.”

ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದವರು ಮತ್ತೆ ಬಂದಿಲ್ಲ. ಆ ದಿನ ನಾನು ಅಷ್ಟು ಜೋರಾಗಿ ಕೂಗಬಾರದಿತ್ತು.