ಕತ್ತರಿ ಮೇಡಂ ಕತ್ತರಿಸಿದ ಎರಡು ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಗೂ ಹಾಲ್‌ಗೂ ನಡುವಿನ ಇಕ್ಕಟ್ಟಿನಲ್ಲಿ ಊಟದ ಮೇಜು. ಮೇಜು ಅಲುಗಾಡದಂತೆ ಅದರ ಒಂದು ಕಾಲಿಗೆ ಮಡಚಿದ ರಟ್ಟು ಕೊಟ್ಟಿದ್ದಾರೆ. ಮೇಲೆ ತೆರೆದಿಟ್ಟ ಲ್ಯಾಪ್‌ಟಾಪ್. ಎದುರಿನ ಕುರ್ಚಿಯಲ್ಲಿ ಶಾಲು ಹೊದ್ದ ಅತ್ತೆ, ಕೈಯಲ್ಲಿ ಚಹಾ ಲೋಟ. ಸೊಸೆ ಪರದೆ ನೋಡಿಕೊಂಡು ಜೋರಾಗಿ ಓದುತ್ತಿದ್ದಾರೆ. ಅದು ಕಥೆಯಲ್ಲ, ದಿನಪತ್ರಿಕೆಯೂ ಅಲ್ಲ. ಒಂದೇ ಒಂದು ಗೋಡೆಗಾಗಿ ಅಣ್ಣತಮ್ಮಂದಿರು ಅರ್ಧ ಆಯುಷ್ಯ ಹೊಡೆದಾಡಿದ ಪ್ರಕರಣದ ತೀರ್ಪು.

"ನಿಲ್ಸು ನಿಲ್ಸು. ಇದನ್ನ ಹೇಳಿದ್ದು ಯಾರು? ಜಡ್ಜಾ, ಅಣ್ಣನ ಲಾಯರಾ?" ಅತ್ತೆ ತಡೆಯುತ್ತಾರೆ.

"ಲಾಯರು, ಅತ್ತೆ."

"ಹಾಗಾದ್ರೆ ಲೆಕ್ಕಕ್ಕಿಲ್ಲ. ಮುಂದಕ್ಕೆ ಓದು. ಆ ತಮ್ಮ ಗೆಲ್ಲೋ ಹಾಗೆ ಕಾಣ್ಸಲ್ಲ, ಪಾಪ."

ನನಗೆ ನಗು ತಡೆಯಲಾಗುವುದಿಲ್ಲ. ಧಾರಾವಾಹಿ ಕೇಳಿದ ಹಾಗೆ ತೀರ್ಪು ಕೇಳುವ ಅತ್ತೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಸದ್ದಿಲ್ಲದೆ ದುಡಿಯುವ ಒಬ್ಬ ಟೀಚರ್ ಬಗ್ಗೆ ಪತ್ರಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಂಡು ತಿಂಡಿಯ ಹೊತ್ತಿಗೆ ಮನೆಗೆ ಹೋಗೋಣ ಎಂದು ಬಂದವಳು ನಾನು. ಆ ದಿನ ಸಂಜೆಯವರೆಗೆ ನಾನು ಮನೆ ಮುಟ್ಟುವುದಿಲ್ಲ.

ಈ ಸೊಸೆಯನ್ನು ವಿದ್ಯಾರ್ಥಿಗಳು ಕರೆಯುವುದು ಕತ್ತರಿ ಮೇಡಂ ಎಂದು. ಸಂಜೆ ನಡೆಯುವ ಕಾನೂನು ಕಾಲೇಜೊಂದರಲ್ಲಿ ಅರೆಕಾಲಿಕ ಅಧ್ಯಾಪಕಿ. ಹಗಲು ಬಸ್ಸು ಓಡಿಸುವವರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಅಂಗಡಿಯ ಕೌಂಟರಿನಲ್ಲಿ ನಿಂತು ಕಾಲು ಬಾತವರು ಈಕೆಯ ತರಗತಿಯಲ್ಲಿ ಕೂರುತ್ತಾರೆ. ಕಾನೂನು ಕಲಿಯಲು ತೀರ್ಪುಗಳನ್ನು ಓದಲೇಬೇಕು. ಆದರೆ ಒಂದೊಂದು ತೀರ್ಪು ನೂರು, ಇನ್ನೂರು ಪುಟ. ಮುಖ್ಯವಾದ ಭಾಗಗಳನ್ನು ಆರಿಸಿ ಕೊಡುವ ಕೇಸ್‌ಬುಕ್‌ಗಳು ಮಾರುಕಟ್ಟೆಯಲ್ಲೇನೋ ಇವೆ, ಅವುಗಳ ಬೆಲೆ ಕೇಳಿದರೆ ಇವರಿಗೆಲ್ಲ ತಲೆ ತಿರುಗುತ್ತದೆ. ಲೈಬ್ರರಿಯಲ್ಲಿದ್ದ ಒಂದೇ ಪ್ರತಿಯಲ್ಲಿ ಪರೀಕ್ಷೆಗೆ ಬರುವ ಪುಟಗಳನ್ನು ಯಾರೋ ಮಹಾನುಭಾವರು ಹರಿದುಕೊಂಡು ಹೋಗಿದ್ದರು.

"ಒಬ್ಳು ನರ್ಸು ನೈಟ್ ಡ್ಯೂಟಿ ಮುಗಿಸ್ಕೊಂಡು ಬಂದು, ಇನ್ನೊಬ್ಳ ಪುಸ್ತಕ ನೋಡಿ ಕೈಯಲ್ಲಿ ಬರ್ಕೊತಾ ಇದ್ಲು. ನನಗೆ ಹೊಟ್ಟೆ ಉರಿದುಹೋಯ್ತು," ಎನ್ನುತ್ತಾರೆ ಮೇಡಂ. "ತೀರ್ಪು ಯಾರಪ್ಪನ ಆಸ್ತೀನೂ ಅಲ್ಲ, ಎಲ್ಲರದ್ದು. ಕತ್ತರಿಸಿ ಜೋಡಿಸೋಕೆ ನನಗೆ ಬರುತ್ತೆ. ಮತ್ಯಾಕೆ ಸುಮ್ನಿರೋದು ಅಂತ ಶುರು ಮಾಡ್ದೆ."

ಈಗ ಹತ್ತು ಕೇಸ್‌ಬುಕ್‌ಗಳು ಅಂತರ್ಜಾಲದಲ್ಲಿವೆ. ಕರಾರು, ಆಸ್ತಿ, ಬಾಡಿಗೆ, ಅಪರಾಧ, ಕುಟುಂಬ. ಅತ್ತೆಗೆ ಜೋರಾಗಿ ಓದಿ ಹೇಳುತ್ತಲೇ ಇವರು ಕತ್ತರಿಸುವುದು. ನೂರು ಪುಟದ ತೀರ್ಪು ಇವರ ಕೈಯಲ್ಲಿ ಎಂಟು ಪುಟವಾಗುತ್ತದೆ, ಕೊನೆಯಲ್ಲಿ ತಲೆ ಕೆರೆದುಕೊಳ್ಳುವಂಥ ಪ್ರಶ್ನೆಗಳು. ದಿನಕ್ಕೆ ಸಾವಿರದಷ್ಟು ಮಂದಿ ಇಳಿಸಿಕೊಳ್ಳುತ್ತಾರೆ. ಕಾಸು ಕೊಡಬೇಕಿಲ್ಲ, ಕೇಳಬೇಕಿಲ್ಲ. ಹಂಚಬಹುದು, ಬದಲಾಯಿಸಿಕೊಳ್ಳಬಹುದು. ಮೇಡಂ ಹೆಸರಿರುವುದು ಕೊನೆಯ ಪುಟದ ಅಡಿಯಲ್ಲಿ, ಭೂತಗನ್ನಡಿ ಹಿಡಿದು ಹುಡುಕಬೇಕಾದ ಅಕ್ಷರದಲ್ಲಿ. ಕಾಲೇಜಿನಲ್ಲಿ ಇವರಿಗೆ ಸ್ವಂತ ಮೇಜಿಲ್ಲ. ಸಹೋದ್ಯೋಗಿಗಳು ಇವರ ಕೆಲಸವನ್ನು 'ಜೆರಾಕ್ಸ್ ಅಂಗಡಿ' ಎಂದು ಗೇಲಿ ಮಾಡುತ್ತಾರೆ. ಹಾಗೆ ಗೇಲಿ ಮಾಡುವವರೇ ಈ ಪುಸ್ತಕ ಹಿಡಿದು ಪಾಠ ಮಾಡುತ್ತಾರೆ ಎಂಬುದು ಬೇರೆ ಮಾತು.

ಫೋನು ಬರುವುದು ಆಗಲೇ. ಮಾಡಿದವಳು ಇವರ ಹಳೆಯ ವಿದ್ಯಾರ್ಥಿನಿ, ಈಗ ವಕೀಲೆ. ಓದುತ್ತಿದ್ದ ಪುಟದ ಮೇಲಿಂದ ಕಣ್ಣು ತೆಗೆಯದೆ ಮೇಡಂ ಸ್ಪೀಕರ್ ಒತ್ತುತ್ತಾರೆ.

"ಮೇಡಂ, ಬಾಡಿಗೆ ಪುಸ್ತಕದ ನಾಲ್ಕನೇ ಅಧ್ಯಾಯ. 'ಹನ್ನೆರಡು ವರ್ಷ ಒಂದೇ ಸೂರಿನಡಿ ದುಡಿದವನನ್ನು ಬೇರೆ ಜಾಗ ತೋರಿಸದೆ ಹೊರಹಾಕುವಂತಿಲ್ಲ' ಅಂತ ಒಂದು ಪ್ಯಾರಾ ಇದೆಯಲ್ಲ, ಅದು ನಿಜವಾಗ್ಲೂ ಯಾರು ಹೇಳಿದ್ದು?"

"ಯಾಕಮ್ಮಾ? ಕೋರ್ಟ್ ಹೇಳಿದ್ದು."

ಆ ಕಡೆ ಅಳು ನುಂಗಿದ ಸದ್ದು. ಸ್ವಲ್ಪ ಹೊತ್ತಿನಲ್ಲಿ ವಿಷಯ ಹೊರಬೀಳುತ್ತದೆ. ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸೊಬ್ಬಳ ಅಂಗಡಿ ಖಾಲಿ ಮಾಡಿಸುವ ಕೇಸು. ಹುಡುಗಿ ಇಸ್ತ್ರಿಯಮ್ಮನ ಪರವಾಗಿ ವಾದಿಸುತ್ತಾ ಆ ಪ್ಯಾರಾವನ್ನೇ ಕೋರ್ಟಿಗೆ ಬರೆದು ಕೊಟ್ಟಿದ್ದಾಳೆ. ಎದುರಿನ ಹಿರಿಯ ವಕೀಲರು ಮೂಲ ತೀರ್ಪನ್ನು ತೆಗೆಸಿ ಓದಿದ್ದಾರೆ. ಈಕೆ ತೀರ್ಪನ್ನೇ ತಿರುಚಿ ನ್ಯಾಯಾಲಯಕ್ಕೆ ಮೋಸ ಮಾಡಿದ್ದಾಳೆ, ವಕೀಲಿಕೆಯ ಸನ್ನದು ರದ್ದಾಗಬೇಕು ಎಂದು ನಿನ್ನೆ ಗುಡುಗಿದ್ದಾರೆ. ಇವತ್ತು ಬೆಳಿಗ್ಗೆಯೇ ಅವಳು ವಿವರಣೆ ಕೊಡಬೇಕು.

ಮೇಡಂ ಮೂಲ ತೀರ್ಪನ್ನು ತೆರೆಯುತ್ತಾರೆ. ನಾನು ಪಕ್ಕದಲ್ಲೇ ಬಗ್ಗಿ ನೋಡುತ್ತೇನೆ. ಆ ಸುಂದರ ಪ್ಯಾರಾದ ಮೇಲೆ ಒಂದು ಸಾಲಿದೆ: 'ಬಾಡಿಗೆದಾರನ ಪರ ವಕೀಲರ ವಾದ ಹೀಗಿದೆ.' ಐದಾರು ಪುಟ ದಾಟಿದ ಮೇಲೆ ಇನ್ನೊಂದು: 'ಈ ವಾದವನ್ನು ನಾವು ಒಪ್ಪುವುದಿಲ್ಲ.' ಕೇಸ್‌ಬುಕ್‌ನಲ್ಲಿ ಎರಡೂ ಇಲ್ಲ. ಪುಟ ಉಳಿಸುವ ಭರದಲ್ಲಿ ಕತ್ತರಿ ಎರಡನ್ನೂ ಎಗರಿಸಿದೆ. ವಕೀಲನ ಮಾತು ನ್ಯಾಯಾಧೀಶರ ಮಾತಾಗಿ ಕೂತಿದೆ.

ಮೇಡಂ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಸಾಲಿಗೆ ಸಾಲು ಮತ್ತೆ ಓದುತ್ತಾರೆ. ಒಂಬತ್ತು ವರ್ಷದಿಂದ ಈ ಪುಸ್ತಕ ಲಕ್ಷಾಂತರ ಜನರ ಕೈಗೆ ಹೋಗಿದೆ! ಒಬ್ಬರೂ ಮೂಲ ತೆಗೆದು ನೋಡಲಿಲ್ಲವೇ?

"ನಾಲ್ಕನೇ ಅಧ್ಯಾಯಾನಾ?" ಅತ್ತೆ ಮೆಲ್ಲಗೆ ಕೇಳುತ್ತಾರೆ. "ಆಗ ನಾನು ಮಗಳ ಬಾಣಂತನಕ್ಕೆ ಹೋಗಿದ್ದೆ ಕಣೇ. ನೀನು ಒಬ್ಳೇ ಕೂತು ಮನಸ್ಸಲ್ಲೇ ಓದ್ಕೊಂಡಿದ್ದೆ."

ಯಾರು ಹೇಳಿದ್ದು ಎಂದು ಕೇಳಲು ಆ ಎರಡು ತಿಂಗಳು ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಇದನ್ನು ಕೇಳಿ ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ.

ಮೇಡಂ ಆ ವಾಕ್ಯವನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ನಾವು ನೋಡಬಾರದಿತ್ತು. ಮಾರಾಟದ ಗೈಡುಗಳಲ್ಲಿ ಆ ವಾಕ್ಯ, ಕಂಡರಿಯದ ಕಾಲೇಜುಗಳ ನೋಟ್ಸಿನಲ್ಲಿ ಆ ವಾಕ್ಯ. ಒಂದು ಪ್ರಶ್ನೆಪತ್ರಿಕೆಯಲ್ಲಂತೂ 'ನ್ಯಾಯಾಲಯದ ಈ ಹೇಳಿಕೆಯನ್ನು ಸಮರ್ಥಿಸಿ' ಎಂದು ಹತ್ತು ಅಂಕಕ್ಕೆ ಕೇಳಿದ್ದಾರೆ. ಎಲ್ಲಿಂದ ಬಂತು ಎಂದು ಎಲ್ಲೂ ಬರೆದಿಲ್ಲ. ಇವರು ಕೈಯೆತ್ತಿ ಹಂಚಿದ್ದನ್ನು ಜಗತ್ತು ಕಣ್ಣುಮುಚ್ಚಿ ತೆಗೆದುಕೊಂಡಿದೆ.

ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಾರೆ. "ಈಗ್ಲೇ ಆ ಎರಡು ಸಾಲು ಸೇರಿಸ್ಬಿಡು. ಒಂದು ನಿಮಿಷದ ಕೆಲ್ಸ. ಯಾರಿಗೆ ಗೊತ್ತಾಗುತ್ತೆ? ಕಾಲೇಜಿನೋರ ಕಿವಿಗೆ ಬಿದ್ರೆ ನಿನ್ನ ಕೆಲ್ಸ ಹೋಗುತ್ತೆ."

ಮೇಡಂ ಆಗಲೇ ಎರಡು ಸಾಲನ್ನೂ ಟೈಪ್ ಮಾಡಿದ್ದಾರೆ. ಬೆರಳು ಕೀಲಿಯ ಮೇಲಿದೆ. ಅಲ್ಲೇ ನಿಲ್ಲುತ್ತದೆ.

"ಸರಿ ಮಾಡಿದ್ರೆ ಅವಳು ಕೆಟ್ಳು," ಎನ್ನುತ್ತಾರೆ. "ಮೇಡಂ ಪುಸ್ತಕದಲ್ಲಿ ಹೀಗಿತ್ತು ಅಂತ ಅವಳು ಹೇಳ್ತಾಳೆ. ಆ ಲಾಯರು ಕೋರ್ಟಲ್ಲೇ ಫೋನ್ ತೆಗೆದು ನೋಡ್ತಾನೆ. ಪುಸ್ತಕದಲ್ಲಿ ಎಲ್ಲಾ ಸರಿಯಾಗೇ ಇರುತ್ತೆ. ಆಮೇಲೆ ಸುಳ್ಳುಗಾರ್ತಿ ಆಗೋದು ಯಾರು?"

ಗಂಡ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮೇಡಂ ಟೈಪ್ ಮಾಡಿದ್ದನ್ನು ಅಳಿಸುತ್ತಾರೆ. ತಪ್ಪು ಪ್ಯಾರಾವನ್ನು ಇದ್ದ ಹಾಗೇ ಬಿಟ್ಟು, ಅದರ ಮೇಲೆ ಒಂದು ಕೆಂಪು ಚೌಕ ಹಾಕಿ ಬರೆಯುತ್ತಾರೆ: 'ಇದು ನ್ಯಾಯಾಲಯದ ಮಾತಲ್ಲ, ವಕೀಲರ ವಾದ. ಹಾಗೆಂದು ತಿಳಿಸುವ ಸಾಲನ್ನು ಕತ್ತರಿಸಿದವಳು ನಾನು. ಒಂಬತ್ತು ವರ್ಷ ಇದು ಹೀಗೇ ಇತ್ತು.' ಕೆಳಗೆ ತಮ್ಮ ಪೂರ್ತಿ ಹೆಸರು, ಕಾಲೇಜಿನ ಹೆಸರು. ಇಷ್ಟು ವರ್ಷದಲ್ಲಿ ತಮ್ಮ ಪುಸ್ತಕದ ಮೇಲೆ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಕೊಂಡದ್ದು ಇದೇ ಮೊದಲು.

ಮೇಡಂ ಜೊತೆ ನಾನೂ ಹೊರಡುತ್ತೇನೆ. ಕೋರ್ಟ್ ಹಾಲ್ ಚಿಕ್ಕದು. ಕಿಟಕಿಯ ಗಾಜು ಒಡೆದಲ್ಲಿ ಟೇಪು ಅಂಟಿಸಿದ್ದಾರೆ. ವಿದ್ಯಾರ್ಥಿನಿ ಕರಿಕೋಟು ತೊಟ್ಟು ಮುಂದೆ ನಿಂತಿದ್ದಾಳೆ. "ಮೂಲ ಓದದೆ ಬಂದಿದ್ದು ನನ್ನ ತಪ್ಪು. ಆದರೆ ನಾನು ತಿರುಚಿಲ್ಲ ಸ್ವಾಮಿ," ಎನ್ನುತ್ತಾಳೆ. ಹಿರಿಯ ವಕೀಲರು ವ್ಯಂಗ್ಯವಾಗಿ ನಗುತ್ತಾರೆ. "ಹಾಗಾದ್ರೆ ತಿರುಚಿದ ಪುಣ್ಯಾತ್ಮರು ಯಾರೋ?"

ಹಿಂದಿನ ಬೆಂಚಿನಿಂದ ಮೇಡಂ ಏಳುತ್ತಾರೆ. "ನಾನು."

ಕೋರ್ಟಿನಲ್ಲಿ ಪಿಸುಗುಟ್ಟುತ್ತಿದ್ದವರೆಲ್ಲ ತಿರುಗಿ ನೋಡುತ್ತಾರೆ. ಮೇಡಂ ಮುಂದೆ ಹೋಗಿ ಮೂಲದ ಪುಟಗಳನ್ನೂ ತಮ್ಮ ಪುಸ್ತಕದ ಪುಟವನ್ನೂ ಒಪ್ಪಿಸುತ್ತಾರೆ. ಏನು ಕತ್ತರಿಸಿದೆ, ಎಲ್ಲಿ ಕತ್ತರಿಸಿದೆ, ಅದರಿಂದ ಅರ್ಥ ಹೇಗೆ ತಲೆಕೆಳಗಾಯಿತು ಎಂದು ತರಗತಿಯಲ್ಲಿ ಹೇಳುವಷ್ಟೇ ಬಿಡಿಸಿ ಹೇಳುತ್ತಾರೆ. ನ್ಯಾಯಾಧೀಶರಿಗೆ ನಲವತ್ತೂ ಆಗಿರಲಿಕ್ಕಿಲ್ಲ. ಎರಡೂ ಪುಟ ಓದುತ್ತಾರೆ. ಪುಸ್ತಕದ ಪುಟವನ್ನು ಮತ್ತೊಮ್ಮೆ ಓದುತ್ತಾರೆ. ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

"ಜಡ್ಜ್ ಪರೀಕ್ಷೆಗೆ ನಾನು ಓದಿದ್ದು ಇದೇ ಪುಸ್ತಕ," ಎನ್ನುತ್ತಾರೆ. "ಈ ಪ್ಯಾರಾ ನನಗೆ ಬಾಯಿಪಾಠ. ಹೋದ ವರ್ಷ ಇದನ್ನು ನಂಬಿ ಒಂದು ಆದೇಶವನ್ನೂ ಬರೆದಿದ್ದೇನೆ."

ಹಿರಿಯ ವಕೀಲರು ಕೈಯಲ್ಲಿದ್ದ ಕಡತ ಮಡಚುತ್ತಾರೆ. ನಾನು ಬರೆಯುವುದನ್ನೇ ಮರೆತು ನಿಂತಿದ್ದೇನೆ. ಊಟದ ಮೇಜಿನ ಮೇಲಾದ ತಪ್ಪು ಸರ್ಕಾರಿ ಮುದ್ರೆ ಒತ್ತಿಸಿಕೊಂಡು ಯಾರದೋ ಬದುಕಿನೊಳಗೆ ನಡೆದುಹೋಗಿದೆ! ಮೇಡಂ ಕಟಕಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಹಳೆಯ ಆದೇಶದ ಬಗ್ಗೆ ಮೇಲಿನ ನ್ಯಾಯಾಲಯಕ್ಕೆ ತಾವೇ ತಿಳಿಸುವುದಾಗಿ ನ್ಯಾಯಾಧೀಶರು ಹೇಳುತ್ತಾರೆ. ವಿದ್ಯಾರ್ಥಿನಿಯ ಮೇಲಿನ ಆರೋಪ ಬಿದ್ದುಹೋಗುತ್ತದೆ. ಇನ್ನು ಮುಂದೆ ಮೂಲ ಓದದೆ ಈ ಕೋರ್ಟಿಗೆ ಕಾಲಿಡಬೇಡಿ ಎಂದು ಅವಳಿಗೆ ಗದರುತ್ತಾರೆ. ಗದರುವಾಗ ಅವರ ಕಣ್ಣು ಅವಳ ಮೇಲಿಲ್ಲ, ಕೈಯಲ್ಲಿರುವ ಪುಟದ ಮೇಲಿದೆ. ಇಸ್ತ್ರಿಯಮ್ಮನ ಕೇಸು ಮುಂದಿನ ವಾರಕ್ಕೆ ಹೋಗುತ್ತದೆ. ಆ ಪ್ಯಾರಾ ಇಲ್ಲದೆಯೇ ವಾದಿಸಬೇಕು. ನೋಟಿಸು ಕೊಟ್ಟ ರೀತಿಯಲ್ಲೇ ತಪ್ಪಿದೆ, ಅದನ್ನು ಹಿಡಿದು ನೋಡು ಎಂದು ಮೇಡಂ ಮೆಟ್ಟಿಲ ಮೇಲೇ ವಿದ್ಯಾರ್ಥಿನಿಗೆ ಪಾಠ ಶುರುಮಾಡಿದ್ದಾರೆ.

ಇಸ್ತ್ರಿಯಮ್ಮ ಹತ್ತಿರ ಬರುತ್ತಾಳೆ. ಕೈಯ ಮೇಲೆಲ್ಲ ಸುಟ್ಟ ಕಲೆ. "ಹಾಗಾದ್ರೆ ಆ ಮಾತು ಸುಳ್ಳಾ ಅಮ್ಮಾ? ನಾನು ದಿನಾ ಅದನ್ನೇ ಹೇಳ್ಕೊಂಡು ಧೈರ್ಯ ತಂದ್ಕೊತಿದ್ದೆ."

"ಸುಳ್ಳಲ್ಲಮ್ಮಾ," ಎನ್ನುತ್ತಾರೆ ಮೇಡಂ. "ಸೋತಿದ್ದು."

"ಸೋತಿದ್ದನ್ನೇ ಜಡ್ಜೂ ಬಾಯಿಪಾಠ ಮಾಡಿದ್ರಾ!" ಇಸ್ತ್ರಿಯಮ್ಮ ಬೆರಗಾಗಿ ನಿಲ್ಲುತ್ತಾಳೆ. ಆಮೇಲೆ ಬಟ್ಟೆ ಕೊಡುವ ಹೊತ್ತಾಯಿತೆಂದು ಬಿರಬಿರನೆ ಹೋಗುತ್ತಾಳೆ.

ಕಾಲೇಜಿನಿಂದ ಇನ್ನೂ ಫೋನು ಬಂದಿಲ್ಲ. ಬರುತ್ತದೆ ಎಂದು ಮೇಡಂಗೆ ಗೊತ್ತು. ಪುಸ್ತಕಗಳನ್ನು ತೆಗೆದುಹಾಕುತ್ತೀರಾ ಎಂದು ಕೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

"ತೆಗೆದ್ರೆ ಆ ನರ್ಸು ಏನು ಓದ್ಬೇಕು? ಇರುತ್ತೆ. ಹತ್ತೂ ಪುಸ್ತಕ ಮೊದಲಿಂದ ಮತ್ತೆ ಓದ್ತೀನಿ. ಪ್ರತಿ ತೀರ್ಪಿನ ಪಕ್ಕ ಮೂಲಾನೂ ಇಡ್ತೀನಿ," ಎನ್ನುತ್ತಾರೆ. ಬಸ್ಸು ಬಂದು ನಿಲ್ಲುತ್ತದೆ. ಹತ್ತುವಾಗ ಬಾಗಿಲ ಸರಳು ಹಿಡಿದು ತಿರುಗುತ್ತಾರೆ. "ನೀವು ಇದನ್ನೆಲ್ಲಾ ಬರೀತೀರಲ್ಲ, ಬರೀರಿ. ನನ್ನನ್ನ ಹೊಗಳೋಕೆ ಹೋಗ್ಬೇಡಿ. ಓದೋ ಸಾವಿರ ಜನರಲ್ಲಿ ಒಬ್ಬರಾದ್ರೂ ದಿನಾ ನನ್ನ ಮೇಲೆ ಅನುಮಾನಪಡ್ಲಿ, ಅಷ್ಟೇ ಸಾಕು ಅಂತ ಬರೀರಿ."