ಅರಗಿನ ಮುದ್ರೆ ಬಿದ್ದ ಲಕ್ಷ್ಮಿ

ನಮ್ಮ ಅತ್ತೆಗೆ ಹೆಮ್ಮೆಯನ್ನು ಬಾಯೊಳಗೆ ಇಟ್ಟುಕೊಂಡು ಅಭ್ಯಾಸವಿರಲಿಲ್ಲ. ತೆಲುಗು ಸೀಮೆಯ ಕುಷಾಯಿಗೂಡದಲ್ಲಿದ್ದ ನಮ್ಮ ಮನೆಗೆ ಯಾರೇ ಬಂದರೂ ಮೊದಲು ದೇವರ ಜಗಲಿಯ ಮುಂದೆ ನಿಲ್ಲಿಸಿ, ಗೇಣುದ್ದದ ಹಿತ್ತಾಳೆ ಲಕ್ಷ್ಮಿಯನ್ನು ತೋರಿಸಿ, "ನಮ್ಮ ಮಾವನವರ ಅಜ್ಜನ ಕಾಲದ್ದು" ಎನ್ನುವರು. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಟ್ಟವರಲ್ಲ. ಮೈಸೂರಿನ ಸೊಸೆಯಾದ ನಾನು ಈ ಮಾತನ್ನು ಅವರ ದನಿಯಲ್ಲೇ ಹೇಳಿ ತೋರಿಸಿ ನಗಿಸುತ್ತಿದ್ದೆ.

ಊರಿನ ಆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಾನೂ ಅಂಥದೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿದ್ದೆ. ನಾದಿನಿ ಸಿಂಗಪುರದಲ್ಲಿ ಮನೆ ಕೊಂಡಳು. ಮಗಳ ಹೊಸ ಮನೆಗೆ ತವರಿನ ಲಕ್ಷ್ಮಿಯೇ ಹೋಗಬೇಕೆಂದು ಅತ್ತೆ ಹಟ ಹಿಡಿದು, ವಿಗ್ರಹವನ್ನು ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿದರು. ವಾರದೊಳಗೆ ಕಸ್ಟಮ್ಸ್‌ನಿಂದ ಕರೆ ಬಂತು: ಪಾರ್ಸೆಲ್ ತಡೆಹಿಡಿದಿದ್ದೇವೆ, ಬಂದು ಕಾಣಿ. ರಜೆ ಹಾಕಿ ಅತ್ತೆ ಮಾವಂದಿರನ್ನು ಕರೆದುಕೊಂಡು ಹೋದೆ.

ಅಧಿಕಾರಿ ಸಾಧು ಮನುಷ್ಯ. ವಿಗ್ರಹವನ್ನು ಮೇಜಿನ ಮೇಲಿಟ್ಟು, ಎಷ್ಟು ಹಳೆಯದಮ್ಮಾ ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆ ಪಕ್ಕದಲ್ಲಿದ್ದ ಮಾವನ ಕಡೆ ಒಮ್ಮೆ ನೋಡಿ, "ಬಹುತ್ ಪುರಾನಾ ಸಾಬ್, ಹಮಾರೆ ಸಸುರ್ ಕೆ ದಾದಾ ಕಾ" ಎಂದು ಮಾವನವರ ಅಜ್ಜನ ಕಾಲದ ಅದೇ ಮಾತನ್ನು ಹೇಳಿಬಿಟ್ಟರು. ನಾನು ಹಣೆ ಚಚ್ಚಿಕೊಂಡೆ. ನೂರು ವರ್ಷ ದಾಟಿದ ವಿಗ್ರಹವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಪುರಾತತ್ವದ ತಜ್ಞರು ನೋಡಬೇಕು, ಹಳೆಯದೆಂದರೆ ಸರ್ಕಾರಕ್ಕೆ ಹೋಗುತ್ತದೆ, ಹೊಸದೆಂದರೆ ನಿಮಗೆ ವಾಪಸ್ ಎಂದು ಅಧಿಕಾರಿ ತಿಳಿಸಿ, ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು ಪಂಚನಾಮೆ ಬರೆದರು. ವಿಗ್ರಹವನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಲು ಹೊರಟಾಗ ಅತ್ತೆ ತಡೆದು, ಸೆರಗಿನ ಗಂಟಿನಿಂದ ಕುಂಕುಮ ತೆಗೆದು ಲಕ್ಷ್ಮಿಯ ಹಣೆಗಿಟ್ಟರು. ಆ ಮನುಷ್ಯ ಬೇಸರಪಡದೆ ಪಂಚನಾಮೆಗೆ "ಹಣೆಯಲ್ಲಿ ಕುಂಕುಮವಿದೆ" ಎಂದು ಸೇರಿಸಿದರು. ಅವರ ಮೇಲೆ ನನಗೆ ಇವತ್ತಿಗೂ ಪ್ರೀತಿ.

ಮನೆಗೆ ಬಂದ ಮೇಲೆ ಮಾವ ನನ್ನನ್ನು ಹಿತ್ತಲಿಗೆ ಕರೆದರು. ಇಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಿತಭಾಷಿ ಅವರು.

"ಅದು ಇಲ್ಲೇ ಬೇಗಂ ಬಜಾರದ ಅಂಗಡ್ಯಾಗ ಕೊಂಡದ್ದವ್ವ," ಎಂದರು. "ಪಾಲಾದಾಗ ನಮ್ಮಣ್ಣ ಹಳೇದು ಬಿಟ್ಟುಕೊಡಲಿಲ್ಲ. ಬರಿಗೈಲೆ ಹೆಂಗ ಬರಲಿ ಅಂತ ಅಂಥಾದ್ದೇ ಒಂದು ತಂದು, ನಿಮ್ಮತ್ತಿಗೆ ಇದೇ ಅದು ಅಂದೆ. ಈಗ ಹಳೇದಂದ್ರ ದೇವರು ಹೋಗ್ತದ. ಹೊಸಾದಂದ್ರ ಅಕಿ ಜೀವಕ್ಕ ಭಾಳ ಹತ್ತತೈತಿ."

ನನಗೂ ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಅತ್ತೆ ಮಾತ್ರ ಖಾಲಿ ಜಗಲಿಗೆ ದಿನಾ ದೀಪ ಹಚ್ಚಿದರು. ಮಾವ ಆ ಕಡೆ ತಲೆ ಎತ್ತಲಿಲ್ಲ.

ಮತ್ತೆ ಕರೆ ಬಂದಾಗ ಮೂವರೂ ಹೋದೆವು. ಅಧಿಕಾರಿ ನಮ್ಮೆದುರೇ ಮುದ್ರೆ ಒಡೆದು ನಗುತ್ತಾ, "ಕೊತ್ತದೇ ಅಮ್ಮಾ" ಎಂದು ತೆಲುಗಿನಲ್ಲಿ ಅಂದರು; ಹೊಸದೇ ಅಂತೆ. ಮಾವ ನೆಲ ನೋಡುತ್ತಾ ನಿಂತರು. ಹೊರಗೆ ಬಂದೊಡನೆ ಆಟೋ ತರುತ್ತೇನೆಂದು ಸರಸರ ಹೋಗಿಬಿಟ್ಟರು.

ಅತ್ತೆಯನ್ನು ಸಮಾಧಾನ ಮಾಡಲು ನಾನು ಮಾತು ಹುಡುಕುತ್ತಿದ್ದೆ.

"ನನಗ ಗೊತ್ತಿತ್ತವಾ," ಎಂದರು ಅವರೇ. "ಊರಾಗಿದ್ದಾಗ ಆ ಹಳೇ ಲಕ್ಷ್ಮೀನ ದಿನಾ ತೊಳ್ಯಾಕಿ ನಾನು. ಅದರ ಮೂಗು ತಿಕ್ಕಿ ತಿಕ್ಕಿ ಸವದಿತ್ತು. ಇದರ ಮೂಗು ನೆಟ್ಟಗ ಐತಿ."

"ಮತ್ತೆ ಅವತ್ತೇ ಹೇಳಿದ್ದರೆ ಜಪ್ತಿಯೇ ಆಗ್ತಿರಲಿಲ್ಲವಲ್ಲ ಅತ್ತೆ."

"ಅವರು ಬಾಜೂಕ ನಿಂತಿದ್ರಲ್ಲ. ಸಾಹೇಬರ ಮುಂದ ಅವರ ಮಾತು ಸುಳ್ಳು ಮಾಡ್ಲೇನು?"

ಕೈಯಿಂದ ದೇವರೇ ಹೋದರೂ ಸರಿ ಎಂದುಕೊಂಡು ಅಂದು ಆ ಮಾತಾಡಿದ್ದರು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಆಟೋ ಬಂತು. ಮಾವ ಇಳಿದು, ಹೆಂಡತಿಯ ಮುಖ ನೋಡಲಾರದೆ ಅವರ ಕೈಲಿದ್ದ ಲಕ್ಷ್ಮಿಯ ಗಂಟಿಗೆ ಕೈ ಚಾಚಿದರು.

"ಹಗೂರ ಹಿಡೀರಿ, ಹಳೇ ಸಾಮಾನ ಐತಿ," ಎಂದರು ಅತ್ತೆ. "ಆ ಸಾಹೇಬರಿಗೇನ ತಿಳೀತೈತಿ."